ಬೋಳು ಎಂದು ಬರೆದ ಕಾವಲು

ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ ನನ್ನ ಕಾಲು ನಿಲ್ಲುವುದಿಲ್ಲ. ಮೊನ್ನೆ ಮೊಮ್ಮಗಳಿಗೆ ಎದೆ ಕಟ್ಟಿತ್ತು. ನನ್ನ ಹೆಂಡತಿ ನೀಲಗಿರಿ ಎಣ್ಣೆಯ ಶೀಸೆಯ ಮುಚ್ಚಳ ತೆಗೆದಳು, ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಿದ್ದೆ. "ಶುರುವಾಯ್ತು ನೋಡು ನಿಮ್ಮ ತಾತನ ಪ್ರದಕ್ಷಿಣೆ" ಎಂದು ಅವಳು ಒಳಗಿನಿಂದಲೇ ಹಂಗಿಸಿದಳು. ಆ ವಾಸನೆಗೆ ತಲೆನೋವು ಬರುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಅವಳಿಗೆ ಹೇಳಿದ್ದೆ. ತಲೆ ನೋಯುವುದೇನೂ ಇಲ್ಲ. ಅದು ಮೂಗಿಗೆ ಬಡಿದ ಕೂಡಲೇ ನಾನು ಶ್ರೀರಾಂಪುರದ ಆಚೆ ಕುರಿ ಮೇಯುವ ಒಂದು ಕಾವಲಿನ ಅಂಚಿನಲ್ಲಿ ನಿಂತಿರುತ್ತೇನೆ, ಎದುರಿಗೆ ಕ್ಯಾತಣ್ಣ ಒಂದು ಪ್ರಶ್ನೆ ಕೇಳಿರುತ್ತಾನೆ, ನನಗೆ ಅಲ್ಲಿಂದ ಓಡಬೇಕೆನಿಸುತ್ತದೆ. ಓಡಿಯೂ ಇದ್ದೆ.

ಅದು ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ನನಗಾಗ ಇಪ್ಪತ್ತಮೂರು. ಊರು ಹೊಳಲ್ಕೆರೆ. "ಇವನು ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟಿದಾನೆ" ಎಂದು ಅಮ್ಮ ಬೈಯುತ್ತಿದ್ದಳು. ಅಂಥವನಿಗೆ ಸಿಕ್ಕ ಕೆಲಸ ಮಾತ್ರ ದಿನವಿಡೀ ಕುಳಿತು ಮಾಡುವಂಥದ್ದು. ಜಿಲ್ಲೆಯ ಕಾಡಿನ ನಕ್ಷೆಗಳನ್ನು ಹೊಸದಾಗಿ ಬರೆಯಲು ದುರ್ಗದಲ್ಲಿ ಒಂದು ತಾತ್ಕಾಲಿಕ ಕಚೇರಿ ತೆರೆದಿದ್ದರು. ಬಾಡಿಗೆ ಮನೆ, ಎರಡು ದೊಡ್ಡ ಮೇಜು, ಕಿಟಕಿಯ ಪಕ್ಕ ಒಂದು ಗಾಜಿನ ಹಲಗೆ. ಅಲ್ಲಿ ನಾನು ಟ್ರೇಸರ್. ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗಿನ ಗೆರೆಯನ್ನು ಮೇಲಕ್ಕೆ ಎತ್ತಿಕೊಳ್ಳುವುದು ನನ್ನ ಕೆಲಸ. ನಮ್ಮ ಹಿರಿಯ ನಕ್ಷೆಗಾರರು ಶೇಷಗಿರಿರಾಯರು. ನಶ್ಯದ ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸುತ್ತ, "ಗೆರೆ ನಡುಗಿದ್ರೆ ಗಡಿ ನಡುಗುತ್ತೆ ಕಣಯ್ಯ, ಕಾಲು ಅಲ್ಲಾಡಿಸಬೇಡ" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಆ ಕಚೇರಿಯಲ್ಲಿ ಎರಡು ಹಳೆಯ ನಕ್ಷೆಗಳಿದ್ದವು. ಒಂದು ಮಹಾರಾಜರ ಕಾಲದ್ದು, ಇನ್ನೊಂದು ಸ್ವಾತಂತ್ರ್ಯ ಬಂದ ಹೊಸತರದ್ದು. ಮೂರನೆಯದನ್ನು ನಾವು ಬರೆಯಬೇಕಾಗಿತ್ತು. ಬಣ್ಣಗಳೂ ಮೂರೇ. ಮರ ದಟ್ಟವಾಗಿದ್ದರೆ ಕಡುಹಸಿರು, ಕುರುಚಲಿದ್ದರೆ ತಿಳಿಹಸಿರು, ಏನೂ ಇಲ್ಲದಿದ್ದರೆ ಹಳದಿ. ಮೊದಲ ನಕ್ಷೆಯ ಮೇಲೆ ಎರಡನೆಯದರ ಟ್ರೇಸಿಂಗ್ ಹಾಸಿ ಬೆಳಕಿಗೆ ಹಿಡಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಸಾರಿಸಿದ ನೆಲ ಅಂಚಿನಿಂದ ಒಣಗುತ್ತ ಬರುತ್ತದಲ್ಲ, ಹಾಗೆ ಕಡುಹಸಿರು ಎಲ್ಲ ಕಡೆಯಿಂದ ಒಳಸರಿದಿತ್ತು. ಹಿರಿಯೂರಿನ ಕಡೆ ಕೆಲವು ಗುಡ್ಡಗಳಲ್ಲಿ ಅದು ಹೆಬ್ಬೆರಳು ಒತ್ತಿದಷ್ಟು ಜಾಗದಲ್ಲಿ ಮಾತ್ರ ಉಳಿದಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ಎದ್ದು ಹೋಗಿ ನೀರು ಕುಡಿಯುತ್ತಿದ್ದೆ, ಮತ್ತೆ ಬಂದು ಅದನ್ನೇ ನೋಡುತ್ತಿದ್ದೆ.

ಯುಗಾದಿ ಕಳೆದ ಮೇಲೆ ರಾಯರು ನನ್ನನ್ನು ಬಯಲಿಗೆ ಕಳಿಸಿದರು. ಮೇಜಿಗೆ ನನ್ನ ಕಾಲಿನ ಕಾಟ ತಪ್ಪಲಿ ಎಂದೇ ಕಳಿಸಿದ್ದು ಎಂದು ಈಗಲೂ ನನ್ನ ಗುಮಾನಿ. ಜೊತೆಗೆ ರುದ್ರಪ್ಪ ಎಂಬ ವಯಸ್ಸಾದ ಗಾರ್ಡು. ಕೆಲಸ ಹೀಗೆ. ನಕ್ಷೆಯಲ್ಲಿ ಗುರುತು ಹಾಕಿದ ಜಾಗಕ್ಕೆ ಹೋಗಿ ನಿಲ್ಲಬೇಕು. ತಲೆ ಎತ್ತಿ ನೋಡಬೇಕು. ಮೇಲಿನ ಆಕಾಶವನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲನ್ನು ಸೊಪ್ಪು ಮುಚ್ಚಿದೆ ಎಂದು ಬರೆದುಕೊಳ್ಳಬೇಕು. ನಾಲ್ಕು ಪಾಲು ದಾಟಿದರೆ ಕಡುಹಸಿರು. ಒಂದಕ್ಕಿಂತ ಕಡಿಮೆಯಾದರೆ ಹಳದಿ. ಆಮೇಲೆ ಇನ್ನೂರು ಹೆಜ್ಜೆ ನಡೆದು ಮತ್ತೆ ತಲೆ ಎತ್ತುವುದು. ಸಂಜೆಯ ಹೊತ್ತಿಗೆ ಕತ್ತು ಒಲೆಯ ಮೇಲಿಟ್ಟ ಹಾಗೆ ಉರಿಯುತ್ತಿತ್ತು. ಆದರೂ ನಾನು ಖುಷಿಯಾಗಿದ್ದೆ, ನಡೆಯಲು ಸಂಬಳ ಕೊಡುತ್ತಾರಲ್ಲ ಎಂದು.

ಖುಷಿ ಇಳಿದದ್ದು ನಮ್ಮೂರಿನ ಕಡೆ ಬಂದಾಗ. ಹೊಳಲ್ಕೆರೆಯ ಆಚೆ ಒಂದು ಗುಡ್ಡವಿತ್ತು. ನಾನು ಚಡ್ಡಿ ಹಾಕಿಕೊಳ್ಳುವ ವಯಸ್ಸಿನಲ್ಲಿ ಶಾಲೆ ತಪ್ಪಿಸಿ ಕಾರೆಹಣ್ಣು, ಸೀತಾಫಲ ತಿನ್ನಲು ಹೋಗುತ್ತಿದ್ದ ಗುಡ್ಡ. ಅಲ್ಲಿ ತಲೆ ಎತ್ತಿದರೆ ಹತ್ತಕ್ಕೆ ಹತ್ತು ಪಾಲೂ ಆಕಾಶ. ಕಾಲ ಬುಡದಲ್ಲಿ ಮೊಣಕಾಲೆತ್ತರದ ಕೊರಡುಗಳು, ಇದ್ದಲು ಸುಟ್ಟ ಕರಿ ಗುಂಡಿಗಳು. ಅಲ್ಲಿಂದ ಚಿಕ್ಕಜಾಜೂರಿಗೆ ಹೋದೆವು. ರೈಲು ನಿಲ್ದಾಣದ ಪಕ್ಕದಲ್ಲಿ ಇದ್ದಲ ಮೂಟೆಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಗಾಳಿ ಬೀಸಿದರೆ ಇಡೀ ಊರಿನ ಮೇಲೆ ಕಪ್ಪು ಧೂಳು ಕೂರುತ್ತಿತ್ತು. ನಾನು ಮೂಟೆಗಳ ಮುಂದೆ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆ.

"ಆ ಗುಡ್ಡಾನೇ ಯಾಕೆ ಕಡಿದ್ರು ರುದ್ರಪ್ಪ?"

"ಹೋದ ನಕ್ಷೇಲಿ ಅದಕ್ಕೆ ಕಡುಹಸಿರು ಬಳಿದಿದ್ರಲ್ಲ ಸಾರ್. ಕಡುಹಸಿರು ಅಂದ್ರೆ ಕೂಪು ಹಾಕ್ತಾರೆ, ಮರ ಕಡಿಯಾಕೆ ಹರಾಜು ಕೂಗ್ತಾರೆ, ಕಂಟ್ರಾಕ್ಟ್ರು ಬರ್ತಾನೆ, ಇದ್ದಲಾಗ್ತೈತೆ. ತಿಳಿಹಸಿರಾದ್ರೆ ಸೌದೆಗೆ ಹೋಗ್ತೈತೆ."

"ಹಳದಿ ಬಳಿದ್ರೆ?"

ರುದ್ರಪ್ಪ ಬೀಡಿಯ ತುದಿ ಹಿಸುಕಿ ಕಿವಿಗೆ ಸಿಕ್ಕಿಸಿಕೊಂಡ. "ಹಳದೀನ ಯಾರು ಮೂಸ್ತಾರೆ ಸಾರ್? ಏನೈತೆ ಅಂತ ಬರ್ತಾರೆ ಅಲ್ಲಿಗೆ?"

ಆ ಮಾತು ನನ್ನ ತಲೆಯಲ್ಲಿ ಕೂತಿತು. ಅಲ್ಲಿಯವರೆಗೆ ನನ್ನ ಕುಂಚಕ್ಕೆ ಅಂಥ ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಶ್ರೀರಾಂಪುರದಲ್ಲಿ ಬಸ್ಸಿಳಿದು ಎರಡು ಗಂಟೆ ನಡೆದರೆ ಆ ಕಾವಲು. ಅಂಚಿನಲ್ಲಿ ಕುರಿ ಕಾಯುವವರ ಇಪ್ಪತ್ತು ಮನೆಗಳ ಒಂದು ಹಟ್ಟಿ. ಕಾವಲೆಂದರೆ ಹುಲ್ಲು, ತಂಗಡಿ ಗಿಡ, ಬಾರೆಯ ಮುಳ್ಳುಪೊದೆ ಎಂದು ಅಂದುಕೊಂಡು ಹೋದವನಿಗೆ ಎದುರಾದದ್ದು ಕಮರದ ತೋಪು. ಕಪ್ಪು ಕಾಂಡದ ಮರಗಳು, ಗಟ್ಟಿ ಎಂದರೆ ಎಷ್ಟು ಗಟ್ಟಿ, ಗಾಡಿಯ ಅಚ್ಚಿಗೆ ಬೇರೆ ಮರ ಬೇಡ ಎನ್ನುವಷ್ಟು. ಎಲ್ಲ ಒಣಗಿ ನಿಂತ ಆ ಬಿಸಿಲಿನಲ್ಲಿ ಕಮರ ಮಾತ್ರ ಆಗಷ್ಟೇ ಚಿಗುರಿತ್ತು. ವಿಚಿತ್ರವೆಂದರೆ ಒಂದೊಂದು ಮರಕ್ಕೂ ಅರ್ಧ ಮೈ ಇತ್ತು. ಮೂಡಲ ಕಡೆಯ ಕೊಂಬೆಗಳನ್ನೆಲ್ಲ ಸವರಿದ್ದರು. ಪಡುವಲ ಕಡೆಯವು ಹಾಗೇ ತೂಗುತ್ತಿದ್ದವು.

ಸವರಿದವನು ಮರದ ಮೇಲೆಯೇ ಇದ್ದ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಸರಸರನೆ ಇಳಿದು ಬಂದ. ಅವನೇ ಕ್ಯಾತಪ್ಪ, ಹಟ್ಟಿಯ ಯಜಮಾನ. ನಲವತ್ತರ ಆಸುಪಾಸು, ಒಣಕಲು ಮೈ, ಮಾತಿಗೆ ಮೊದಲು ನಗು. ನಾನು ಎರಡನೇ ದಿನಕ್ಕೇ ಕ್ಯಾತಣ್ಣ ಎಂದು ಕರೆಯತೊಡಗಿದೆ. ಅವನಿಗೆ ನಾನು ನಕ್ಷೆ ಮೇಷ್ಟ್ರು.

"ಒಂದು ವರ್ಸ ಮೂಡಲ ಕೈ, ಒಂದು ವರ್ಸ ಪಡುವಲ ಕೈ, ಮೇಷ್ಟ್ರೇ. ಯಾವ ಮನೆಗೆ ಯಾವ ಮರ ಅಂತ ನಾನು ಹೇಳ್ತೀನಿ. ನೆತ್ತಿ ಮಾತ್ರ ಯಾರೂ ಮುಟ್ಟಂಗಿಲ್ಲ. ಕೈ ನಮ್ದು, ನೆತ್ತಿ ಮರದ್ದು."

"ಮುಟ್ಟಿದ್ರೆ?"

"ನಮ್ಮಪ್ಪ ಒಬ್ಬನ ಕುಡುಗೋಲು ಕಿತ್ಕಂಡು ಒಂದು ವರ್ಸ ಕೊಟ್ಟಿರಲಿಲ್ಲ. ಅವನ ಕುರಿ ನಾವೇ ಮೇಯಿಸಿದ್ವಿ, ಆದ್ರೆ ಅವನ ಕೈಗೆ ಕಬ್ಬಿಣ ಕೊಡ್ಲಿಲ್ಲ."

ಹುಲ್ಲು ಮುಗಿದ ಮೇಲೆ, ಮೊದಲ ಮಳೆ ಬಿದ್ದು ಹಸಿರಾಡುವವರೆಗೆ, ಎರಡು ತಿಂಗಳು ಆ ಹಟ್ಟಿಯ ಕುರಿಗಳು ಬದುಕುತ್ತಿದ್ದದ್ದು ಕಮರದ ಸೊಪ್ಪಿನ ಮೇಲೆ. ಆ ಎರಡು ತಿಂಗಳು ದಾಟಿದರೆ ವರ್ಷ ದಾಟಿದ ಹಾಗೆ. ದಾಟದಿದ್ದರೆ ಹಿಂಡು ಮಾರಿ ಕೂಲಿಗೆ ಹೋಗಬೇಕು. ಇದನ್ನು ಕ್ಯಾತಣ್ಣ ನನಗೆ ಬಿಡಿಸಿ ಹೇಳಲಿಲ್ಲ. ಅವನ ಹೆಂಡತಿ ಕರಿಯಮ್ಮ ಹೇಳಿದರು. ಮಾತಿನಲ್ಲಿ ಅವರು ಗಂಡನಿಗಿಂತ ಚುರುಕು. ನಾನು ಮಜ್ಜಿಗೆಯ ಚೊಂಬು ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರೆ, "ಕುಂತ್ಕಳ್ರಿ ಮೇಷ್ಟ್ರೇ, ನಿಂತ್ಕಂಡೇ ಕುಡಿಯಾಕೆ ನೀವೇನು ಬಸ್ಸಿನ ಕಂಡಕ್ಟ್ರಾ?" ಎಂದು ನಗಿಸುತ್ತಿದ್ದರು. ಐದು ದಿನ ನಾನೂ ರುದ್ರಪ್ಪನೂ ಅವರ ಮನೆಯ ಮುದ್ದೆ, ಹುರುಳಿ ಸಾರು ಉಂಡೆವು. ಬೇಡವೆಂದರೆ ಇನ್ನೊಂದು ಅರ್ಧ ಮುದ್ದೆ ಬೀಳುತ್ತಿತ್ತು.

ಐದು ದಿನವೂ ನಾನು ತಲೆ ಎತ್ತಿ ಎಣಿಸಿದೆ. ಅರ್ಧ ಮೈ ಸವರಿದ್ದರೂ ಆ ತೋಪು ಹತ್ತರಲ್ಲಿ ಐದು ಪಾಲು ಆಕಾಶವನ್ನು ಮುಚ್ಚುತ್ತಿತ್ತು. ಮಹಾರಾಜರ ಕಾಲದ ನಕ್ಷೆಯಲ್ಲಿ ಅಲ್ಲಿ ಕಡುಹಸಿರು. ಎರಡನೆಯ ನಕ್ಷೆಯಲ್ಲಿ ತಿಳಿಹಸಿರು. ಆಗ ಬಂದವನು ಸವರಿದ ಕಡೆಯಿಂದ ಮಾತ್ರ ನೋಡಿ ಹೋಗಿದ್ದನೋ ಏನೋ. ಈಗ ನಾನು ಕಂಡದ್ದನ್ನು ಬರೆದರೆ ಅದು ಮತ್ತೆ ಕಡುಹಸಿರು. ಜಿಲ್ಲೆಯಲ್ಲೆಲ್ಲ ಕುಗ್ಗುತ್ತಿದ್ದ ಬಣ್ಣ ಈ ಒಂದು ಕಡೆ ಹಿಗ್ಗಿತ್ತು. ಸಂತೋಷ ಪಡಬೇಕಾದ ವಿಷಯ. ನನಗೆ ಕಾಣುತ್ತಿದ್ದದ್ದು ಮಾತ್ರ ಚಿಕ್ಕಜಾಜೂರಿನ ಮೂಟೆಗಳು.

ಆ ಸುದ್ದಿ ಹಟ್ಟಿಗೂ ಬಂದಿತ್ತು. ಕುರಿಯವರಿಗೆ ಹತ್ತು ಹರದಾರಿ ಆಚೆಯ ಸುದ್ದಿ ಪೇಪರಿಗಿಂತ ಮುಂಚೆ ಬರುತ್ತದೆ. ಕೊನೆಯ ದಿನ ಮಧ್ಯಾಹ್ನ ಮರದಡಿ ಕೂತು ನಾನು ಹಾಳೆ ತುಂಬಿಸುತ್ತಿದ್ದಾಗ ಕ್ಯಾತಣ್ಣ ಎದುರು ಬಂದು ಕುಕ್ಕರಗಾಲಿನಲ್ಲಿ ಕೂತ.

"ಮೇಷ್ಟ್ರೇ, ಒಂದು ಮಾತು. ನಮ್ಮ ಕಾವ್ಲಿಗೆ ಯಾವ ಬಣ್ಣ ಬಳಿತೀರಿ?"

"ಯಾಕೆ ಕ್ಯಾತಣ್ಣ?"

"ಹೊಳಲ್ಕೆರೆ ಕಡೆ ಹಸುರು ಬಳ್ದು ಗುಡ್ಡ ಬೋಳಿಸಿದ್ರಂತೆ. ಹಂಗೇನಾದ್ರೂ ಆದ್ರೆ..." ಅವನು ತಿರುಗಿ ಹಿಂಡಿನ ಕಡೆ ನೋಡಿದ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾಗಲ್ಲ. ನಾನು ನೋಡ್ಕತೀನಿ" ಎಂದೆ.

ಹೇಳುವಾಗ ಎದೆ ಎಷ್ಟು ಉಬ್ಬಿತ್ತು ಎಂದರೆ ಇಂದು ನೆನೆದರೆ ಮೈ ಉರಿಯುತ್ತದೆ. ಐದು ಪಾಲು ಇದ್ದದ್ದನ್ನು 'ಒಂದಕ್ಕಿಂತ ಕಡಿಮೆ' ಎಂದು ಬರೆದೆ. ಆ ಹಾಳೆಯಲ್ಲಿ ಇನ್ನೆರಡು ಕಾಲಂಗಳಿದ್ದವು. ಒಂದು, ಬೋಳಾಗಲು ಕಾರಣ. ಖಾಲಿ ಬಿಟ್ಟರೆ ರಾಯರು ಹಾಳೆಯನ್ನು ಮುಖಕ್ಕೆ ಎಸೆಯುತ್ತಾರೆ. ಮೇಲಿನವರು ಎದುರು ಪ್ರಶ್ನೆ ಕೇಳದ ಕಾರಣ ಒಂದೇ ಇತ್ತು, ಅವರೆಲ್ಲ ಮೊದಲೇ ನಂಬಿಕೊಂಡಿದ್ದ ಕಾರಣ. 'ಕುರಿಗಳ ಮೇವಿಗಾಗಿ ಹಟ್ಟಿಯವರು ಸೊಪ್ಪು ಕಡಿದದ್ದು' ಎಂದು ದುಂಡಗೆ ಬರೆದೆ. ಇನ್ನೊಂದು, ಸ್ಥಳದಲ್ಲಿ ಹಾಜರಿದ್ದವರ ರುಜು. ಕ್ಯಾತಣ್ಣನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ನಾನೇ ಒತ್ತಿಸಿದೆ.

"ಏನು ಬರ್ದೀರಿ?" ಎಂದು ಕೇಳಿದ, ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ.

"ಒಳ್ಳೇದೇ ಬರ್ದಿದೀನಿ."

ರುದ್ರಪ್ಪ ಹಾಳೆಯನ್ನು ಇಣುಕಿ ನೋಡಿದ, ನನ್ನ ಮುಖವನ್ನೂ ನೋಡಿದ. "ನಂಗೇನೂ ಗೊತ್ತಿಲ್ಲ ಸಾರ್" ಎಂದು ಎದ್ದು ಚೀಲ ಹೆಗಲಿಗೇರಿಸಿದ. ಕರಿಯಮ್ಮ ದಾರಿಗೆಂದು ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ನಾನು ರುದ್ರಪ್ಪನ ಪಾಲನ್ನೂ ತಿಂದೆ.

ದುರ್ಗದಲ್ಲಿ ರಾಯರನ್ನು ದಾಟುವುದು ಕಷ್ಟ ಎಂದುಕೊಂಡಿದ್ದೆ. ಆ ಜಾಗಕ್ಕೆ ಹಳದಿ ಬಳಿಯುವಾಗ ಅವರು ಹಿಂದೆ ಬಂದು ನಿಂತರು. ನನ್ನ ಕಾಲು ಮೇಜಿನಡಿ ಕುಟ್ಟತೊಡಗಿತು. ಮೂರೂ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ ಗಾಜಿನ ಹಲಗೆಯ ಮೇಲೆ ನೋಡಿದರು.

"ಮೊದಲನೇದರಲ್ಲಿ ಕಡುಹಸಿರು. ಎರಡನೇದರಲ್ಲಿ ತಿಳಿ. ಈಗ ಬೋಳು." ನಶ್ಯ ಏರಿಸಿ, ಕಣ್ಣು ಒರೆಸಿಕೊಂಡರು. "ಕ್ರಮ ಸರಿಯಾಗೇ ಇದೆ. ಎಲ್ಲ ಕಡೆ ಹೀಗೇ ಆಗ್ತಿರೋದು. ಮುಂದಕ್ಕೆ ಹೋಗು."

ಅಷ್ಟೇ. ಒಂದು ಪ್ರಶ್ನೆ ಕೇಳಲಿಲ್ಲ. ನಾಡಿನ ತುಂಬ ಮರ ಹೋಗುತ್ತಿದ್ದದ್ದರಿಂದ ಅಲ್ಲೂ ಹೋಗಿದೆ ಎನ್ನುವುದು ಸಹಜವಾಗಿ ಕಂಡಿತು. ನಿಜ ಬರೆದಿದ್ದರೆ, ಅಲ್ಲಿ ಮರ ಹೆಚ್ಚಾಗಿದೆ ಎಂದಿದ್ದರೆ, ಆಗ ನನ್ನನ್ನು ಹಿಡಿದು ಕೂರಿಸಿ ನೂರು ಪ್ರಶ್ನೆ ಕೇಳುತ್ತಿದ್ದರು. ಆ ದಿನ ಇದು ನನಗೆ ಹೊಳೆಯಲಿಲ್ಲ. ಗೆದ್ದೆ ಎಂದುಕೊಂಡು ಸಂಜೆ ಒಂದು ಪ್ಲೇಟ್ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೆ.

ಆಮೇಲಿನ ಎರಡು ತಿಂಗಳು ನನಗೆ ಯಾಕೋ ಸಮಾಧಾನವಿರಲಿಲ್ಲ. ಮಳೆ ಬಂತು, ನಿಂತಿತು. ಆಷಾಢದ ಗಾಳಿ ದುರ್ಗದ ಬಂಡೆಗಳ ಸಂದಿನಿಂದ ಹೊರಟು ಕಚೇರಿಯ ಕಿಟಕಿಗಳನ್ನು ಬಡಿಯುತ್ತಿತ್ತು. ಟ್ರೇಸಿಂಗ್ ಬಟ್ಟೆಯ ಮೇಲೆ ಕಲ್ಲು ಹೇರಿಕೊಂಡು ಕೆಲಸ ಮಾಡುತ್ತಿದ್ದೆವು. ಕಾವಲಿಗೆ ಒಮ್ಮೆ ಹೋಗಿ ಬರಬೇಕು, ಬಣ್ಣ ಹಳದಿಯೆಂದು ಕ್ಯಾತಣ್ಣನಿಗೆ ಹೇಳಿ ಅವನ ನಗು ನೋಡಿ ಬರಬೇಕು ಅನ್ನಿಸುತ್ತಿತ್ತು. ಹಿರೇಗುಂಟನೂರಿನ ಕಡೆ ಉಳಿದ ಕೆಲಸ, ಅದು ಇದು ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ದಿನ ರುದ್ರಪ್ಪ ಕಚೇರಿಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. ಹೊರಗೆ ಕರೆದ.

"ಸಾರ್, ಹಳದಿ ಜಾಗದ್ದೆಲ್ಲ ಒಂದು ಪಟ್ಟಿ ಮಾಡ್ಯಾರೆ. ಬೋಳು ನೆಲಕ್ಕೆಲ್ಲ ಈ ಮಳೇಲೇ ನೀಲಗಿರಿ ಹಾಕ್ಬೇಕಂತೆ. ಮ್ಯಾಲಿಂದ ಅವಸರ. ಆ ಕಾವ್ಲೂ ಪಟ್ಟೀಲೈತೆ."

"ಹಾಕ್ಲಿ ಬಿಡು, ಅಲ್ಲಿ ಜಾಗ ಎಲ್ಲಿದೆ? ಹೋಗಿ ನೋಡಿದ್ರೆ ಮರ ಕಾಣ್ತಾವಲ್ಲ."

"ಕಂಡ್ವು ಸಾರ್. ಆದ್ರೆ ಕಾಗದದಾಗೆ ಬೋಳು ಅಂತೈತೆ. ಕಾಗದದಾಗೆ ಇಲ್ದಿರೋ ಮರ ಕಡಿಯಾಕೆ ಯಾರ ಅಪ್ಪಣೆ ಬೇಕು?"

ಕೂಪು ಹಾಕಿದ್ದರೆ ಹರಾಜಾಗಬೇಕು, ಮರಮರಕ್ಕೂ ಗುರುತಾಗಬೇಕು, ಬೀಜಕ್ಕೆಂದು ಕೆಲವು ಉಳಿಯಬೇಕು, ತಕರಾರಿಗೆ ತಿಂಗಳುಗಟ್ಟಲೆ ಸಮಯವಿರುತ್ತಿತ್ತು. ಅದನ್ನೆಲ್ಲ ರುದ್ರಪ್ಪ ಆಮೇಲೆ ಹೇಳಿದ. ಹಳದಿಗೆ ಅದೊಂದೂ ಇಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಅದು ತಮಾಷೆಗೆ ಹೇಳುವ ಮಾತು. ನಾನು ಮಾಡಿದ್ದಕ್ಕೆ ಯಾವ ಗಾದೆಯೂ ಸಾಲದು.

ಮರುದಿನ ಬೆಳಗಿನ ಬಸ್ಸು ಹಿಡಿದೆ. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಕೂರಲಾಗದೆ ನಿಲ್ದಾಣವನ್ನು ಸುತ್ತು ಹಾಕಿದೆ. ಶ್ರೀರಾಂಪುರದಿಂದ ಅರ್ಧ ದಾರಿ ಓಡಿದೆ. ದೂರದಿಂದಲೇ ಟ್ರಾಕ್ಟರಿನ ಸದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಮರಗಳನ್ನು ಬುಡಕ್ಕೆ ಕಡಿದು ಒಂದು ಕಡೆ ಎಳೆದು ಹಾಕಿದ್ದರು. ನೆತ್ತಿಗಳು ನೆಲ ಮುಟ್ಟಿದ್ದವು. ಕುರಿಗಳು ಅವನ್ನೇ ಮೇಯುತ್ತಿದ್ದವು. ಉತ್ತ ನೆಲದಲ್ಲಿ ಸಾಲುಗುಂಡಿ ತೋಡಿ, ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಇಳಿಸುತ್ತಿದ್ದರು. ಸಸಿಗಳ ಎಲೆ ಕಾಲಿಗೆ ಸಿಕ್ಕಿ ನಜ್ಜುಗುಜ್ಜಾಗಿ, ಮಳೆ ನೆನೆದ ಮಣ್ಣಿನ ಮೇಲೆಲ್ಲ ಆ ವಾಸನೆ.

ಕ್ಯಾತಣ್ಣ ಅಂಚಿನ ಬಂಡೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕರಿಯಮ್ಮ ನಿಂತಿದ್ದರು. ನನ್ನನ್ನು ನೋಡಿ ಅವನು ಎದ್ದು ನಿಂತ. ಬೈಯಬಹುದು ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬಂದ್ರಾ ಮೇಷ್ಟ್ರೇ. ನೋಡ್ರಿ. ಸಾಹೇಬ್ರು ಕಾಗದ ಓದಿ ಹೇಳಿದ್ರು. ಸೊಪ್ಪು ಕಡುದು ಕಡುದು ಹಟ್ಟಿಯೋರೇ ಬೋಳು ಮಾಡ್ಯಾರೆ ಅಂತ. ಕೆಳಗೆ ನನ್ ಹೆಬ್ಬೆಟ್ಟು ತೋರ್ಸಿದ್ರು." ಅವನು ಹೆಬ್ಬೆರಳನ್ನು ನೋಡಿಕೊಂಡ. "ನೀವು ಓದಿದೋರು. ಮರ ಅಳ್ದೋರು. ನೀವೇ ಹೇಳ್ರಿ. ನಾವು ಕಡುದಿದ್ದೇ ತಪ್ಪಾತಾ? ನಮ್ಮಪ್ಪನ ಕಾಲದಿಂದ ಮಾಡಿದ್ದು ಮರಕ್ಕೆ ಕೇಡಾತಾ?"

ಒಂದೇ ಮಾತು ಸಾಕಾಗಿತ್ತು. ಇಲ್ಲ ಕ್ಯಾತಣ್ಣ, ನಿನ್ನ ಮರ ಹೆಚ್ಚಾಗಿದ್ದವು, ನಾನು ಎಣಿಸಿದ್ದೇನೆ, ಸುಳ್ಳು ಬರೆದವನು ನಾನು ಎನ್ನಬೇಕಾಗಿತ್ತು. ಟ್ರಾಕ್ಟರಿನ ಪಕ್ಕದಲ್ಲಿ ನೀಲಗಿರಿ ನೆಡಿಸುವ ಯೋಜನೆಯ ಜನ ನಿಂತಿದ್ದರು. ಕೇಳಿಸಿಕೊಂಡರೆ ನನ್ನ ಕೆಲಸ ಹೋಗುತ್ತಿತ್ತು. ಕೆಲಸಕ್ಕಿಂತ ಹೆಚ್ಚಾಗಿ ಅವನ ಮುಖ ಬದಲಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ನಾನು ಹೇಡಿ, ಅಷ್ಟೇ. ಅದನ್ನು ಬೇರೆ ಶಬ್ದದಲ್ಲಿ ಹೇಳಲು ಈಗ ಇಷ್ಟವಿಲ್ಲ.

"ಬಸ್ಸಿಗೆ ಹೊತ್ತಾಯ್ತು ಕ್ಯಾತಣ್ಣ" ಎಂದೆ.

ಕರಿಯಮ್ಮ ತಲೆ ಎತ್ತಿ ನನ್ನನ್ನೇ ನೋಡಿದರು. ನಾನು ತಿರುಗಿ ನಡೆದೆ. ಮುಂದಿನ ಬಸ್ಸಿಗೆ ಮೂರು ಗಂಟೆ ಸಮಯವಿತ್ತು.

ಆ ವರ್ಷದ ಕೊನೆಗೆ ಕಚೇರಿ ಮುಚ್ಚಿತು. ನನಗೆ ಬೇರೆ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು, ರಸ್ತೆಗಳ ನಕ್ಷೆ, ಮರದ ಗೊಡವೆ ಇಲ್ಲದ್ದು. ಹತ್ತಾರು ವರ್ಷಗಳ ಮೇಲೆ ಯಾರದೋ ಮೇಜಿನ ಮೇಲೆ ಜಿಲ್ಲೆಯ ಹೊಸ ಕಾಡಿನ ನಕ್ಷೆ ಕಣ್ಣಿಗೆ ಬಿತ್ತು. ಬೇಡವೆಂದರೂ ಬೆರಳು ಶ್ರೀರಾಂಪುರದ ಆಚೆಗೆ ಹೋಯಿತು. ಅಲ್ಲಿ ಕಡುಹಸಿರು. ನೋಡಿದವರು ನನ್ನ ಹಳದಿಯನ್ನೂ ಈ ಹಸಿರನ್ನೂ ಪಕ್ಕಪಕ್ಕ ಇಟ್ಟು, ಆಹಾ, ಒಂದು ಕಡೆಯಾದರೂ ಕಾಡು ಬೆಳೆದಿದೆಯಲ್ಲ ಎಂದಿರುತ್ತಾರೆ. ಕಮರ ಹೋದದ್ದು ಯಾವ ನಕ್ಷೆಯಲ್ಲೂ ಇಲ್ಲ. ಇದ್ದದ್ದೇ ಇಲ್ಲವೆಂದು ನಾನು ಬರೆದ ಮೇಲೆ ಹೋಗುವುದು ಎಲ್ಲಿಂದ ಬಂತು?

ಮೊನ್ನೆ ಮೊಮ್ಮಗಳ ನೆಗಡಿಯ ದಿನ ಬೀದಿ ಸುತ್ತಿ ಬಂದವನು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಶೀಸೆಯ ಮುಚ್ಚಳ ಬಿಗಿದು, "ಇಷ್ಟು ವರ್ಷ ನನ್ನ ಎಣ್ಣೆ ಶೀಸೆ ಬೈದ್ರಿ. ಹೋಗಿ ಹೇಳಿ ಬನ್ನಿ" ಎಂದಳು. ಮಾರನೆಯ ದಿನವೇ ಹೊರಟೆ.

ಹಟ್ಟಿಗೆ ಈಗ ರಸ್ತೆಯಿದೆ, ದಿನಕ್ಕೆ ನಾಲ್ಕು ಬಸ್ಸು. ಕಾವಲಿನಲ್ಲಿ ನೀಲಗಿರಿ ಎಷ್ಟನೆಯ ಸಲವೋ ಕಡಿದು ಚಿಗುರಿ ನಿಂತಿದೆ. ಅದರ ಕೆಳಗೆ ಹುಲ್ಲಿಲ್ಲ, ಬಾರೆಯಿಲ್ಲ. ಕರಿಯಮ್ಮ ಮನೆಯ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಂಬತ್ತು ದಾಟಿರಬೇಕು. ನಕ್ಷೆ ಮೇಷ್ಟ್ರು ಎಂದೆ. ಕೈ ನಿಲ್ಲಿಸಿ ನೋಡಿದರು.

"ಕ್ಯಾತಣ್ಣ?"

"ಹೋಗಿ ಹನ್ನೆರಡು ವರ್ಸಾತು."

ನಿಂತುಕೊಂಡೇ ಹೇಳಿದೆ. ಐದು ಪಾಲು ಎಣಿಸಿದ್ದು, ಹಳದಿ ಬಳಿದದ್ದು, ಕಾರಣದ ಕಾಲಂನಲ್ಲಿ ಬರೆದದ್ದು, ಹೆಬ್ಬೆಟ್ಟು ಒತ್ತಿಸಿದ್ದು. ಕಡಿದದ್ದರಿಂದ ಮರಕ್ಕೆ ಕೇಡಾಗಿರಲಿಲ್ಲ, ಅವು ಬೆಳೆದಿದ್ದವು ಎಂದೆ.

"ಸಾ​ಯೋ ತಂಕ ಅವ್ರು ಕುಡುಗೋಲು ಮುಟ್ಲಿಲ್ಲ" ಎಂದರು ಕೊನೆಗೆ. "ಅವರಪ್ಪ ಯಾವನ್ದೋ ಕುಡುಗೋಲು ಒಂದು ವರ್ಸ ಕಿತ್ಕಂಡಿದ್ರಲ್ಲ, ಇವ್ರು ತಮ್ದು ತಾವೇ ಕಿತ್ಕಂಡ್ರು. ಕುರಿ ಮಾರಿದ್ವಿ. ಹಟ್ಟಿಯೋರು ಹೆಬ್ಬೆಟ್ಟಿನ ಕ್ಯಾತಪ್ಪ ಅಂತ ಹೆಸ್ರಿಟ್ರು. ಕಾವ್ಲು ಬರ್ಕೊಟ್ಟೋನು ಅಂತ."

ನಾನು ಅಂಗಳದ ಆ ತುದಿಗೆ ಹೋಗಿ ತಿರುಗಿ ಬಂದೆ.

"ನನ್ ಮುಂದೆ ಹೇಳಿದ್ರೆ ಏನಾತು? ಅಲ್ಲಿ ಹೇಳ್ರಿ" ಎಂದು ಕಟ್ಟೆಯ ಕಡೆ ಕೈ ತೋರಿಸಿ, ಗೋಡೆ ಹಿಡಿದು ಎದ್ದರು.

ಬೇವಿನ ಕಟ್ಟೆಯ ಮೇಲೆ ಏಳೆಂಟು ಜನರಿದ್ದರು. ನಾನು ಮತ್ತೆ ಮೊದಲಿನಿಂದ ಹೇಳಿದೆ, ಗಟ್ಟಿಯಾಗಿ. ಆ ಕಮರದ ತೋಪನ್ನು ಕಂಡವರು ಅಲ್ಲಿ ಇಬ್ಬರೇ. ಅವರು ತಲೆ ತಗ್ಗಿಸಿಕೊಂಡರು. ಅದರಲ್ಲೊಬ್ಬ, "ಹಂಗಾದ್ರೆ ಕ್ಯಾತಣ್ಣಂದು ಏನೂ ಇರಲಿಲ್ವಾ?" ಎಂದ. ಏನೂ ಇರಲಿಲ್ಲ ಎಂದೆ. ಉಳಿದವರು ಹುಡುಗರು. ಕಮರ ಅಂದ್ರೆ ಯಾವ ಗಿಡ ಎಂದು ಒಬ್ಬ ಇನ್ನೊಬ್ಬನನ್ನು ಕೇಳುತ್ತಿದ್ದ.

ಕರಿಯಮ್ಮನ ಮನೆಯ ಮುಂದೆ ವಾಪಸ್ಸು ಬಂದು ನಿಂತೆ. ಕುಂತ್ಕಳ್ರಿ ಎನ್ನುತ್ತಾರೇನೋ ಎಂದು ಕಾದೆ. ಒಂದು ಚೊಂಬು ಮಜ್ಜಿಗೆ, ಬೈಗುಳ, ಏನಾದರೂ ಸರಿ ಎಂದು ಕಾದೆ. ಅವರು ಹುಣಸೆಹಣ್ಣಿನ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡರು.

"ಬಸ್ಸಿಗೆ ಹೊತ್ತಾತು, ಹೋಗ್ರಿ ಮೇಷ್ಟ್ರೇ" ಎಂದರು.